ಗುರುಗಳು ಎದುರು ಪಕ್ಷಕ್ಕೆ ಹೋಗುವರೇ?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ತಟ್ಟೆ ಉಪ್ಪಿಟ್ಟು ಯಾರೂ ಮುಟ್ಟದೆ ಆರಿ ತಣ್ಣಗಾಯಿತು. ಉಪ್ಪಿಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ರಜಕ್ಕೆಂದು ಬಂದಿದ್ದ ನಮ್ಮ ಮಗಳ ಮಗ, ಹನ್ನೆರಡು ವರ್ಷದ ಹುಡುಗ, ತಟ್ಟೆಯನ್ನು ಮುಂದಿಟ್ಟುಕೊಂಡು ಗಲ್ಲಕ್ಕೆ ಕೈಯೂರಿ ಕುಳಿತಿದ್ದನು. ಜ್ವರವೇ ಎಂದು ಹಣೆ ಮುಟ್ಟಿ ನೋಡಿದ್ದಾಯಿತು. ಹೊಟ್ಟೆನೋವೇ ಎಂದು ಅವನ ಅಜ್ಜಿ ವಿಚಾರಿಸಿದ್ದಾಯಿತು. ಕಡೆಗೆ ಹೊರಬಿದ್ದ ಸಂಗತಿ ಇಷ್ಟು: ಇಂಗ್ಲೆಂಡಿನ ಯಾವುದೋ ಒಂದು ಫುಟ್‌ಬಾಲ್ ಕ್ಲಬ್ಬು ಇವನಿಗೆ ಪ್ರಾಣಸಮಾನವಾದುದಂತೆ, ಆ ಕ್ಲಬ್ಬಿನ ಮ್ಯಾನೇಜರು ಅದನ್ನು ತೊರೆದು ಅದರ ಬದ್ಧವೈರಿಯಾದ ಮತ್ತೊಂದು ಕ್ಲಬ್ಬನ್ನು ಸೇರುವರೆಂದು ವದಂತಿಯಂತೆ.

“ಹೋಗ್ತಾರಾ ತಾತ?” ಎಂದು ಹುಡುಗನು ಕೇಳಿದ ಧ್ವನಿಯಲ್ಲಿ ಅಳು ಬೆರೆತಿತ್ತು. ನಾವು ನಗಬೇಕೆಂದಿದ್ದೆವು, ನಗಲಾಗಲಿಲ್ಲ. ಏಕೆ ನಗಲಾಗಲಿಲ್ಲವೆಂಬುದನ್ನು ಮುಂದೆ ನಿವೇದಿಸುತ್ತೇವೆ.

ವಾಚಕ ಮಹಾಶಯರಲ್ಲಿ ಕೆಲವರಿಗೆ ಮ್ಯಾನೇಜರು ಎಂದೊಡನೆ ಬ್ಯಾಂಕಿನ ಮ್ಯಾನೇಜರೋ ಹೋಟೆಲಿನ ಮ್ಯಾನೇಜರೋ ಕಣ್ಣ ಮುಂದೆ ನಿಲ್ಲಬಹುದು. ಆಂಗ್ಲೇಯರ ಫುಟ್‌ಬಾಲಿನಲ್ಲಿ ಆ ಶಬ್ದಕ್ಕೆ ಅರ್ಥ ಬೇರೆ. ಆಟಗಾರರಿಗೆ ಅಭ್ಯಾಸ ಮಾಡಿಸುವವರು, ಹನ್ನೊಂದು ಮಂದಿಯನ್ನು ಆರಿಸುವವರು, ವ್ಯೂಹವನ್ನು ರಚಿಸುವವರು, ಯಾರನ್ನು ಕೊಳ್ಳಬೇಕು ಯಾರನ್ನು ಬಿಡಬೇಕೆಂಬಲ್ಲಿ ಸಲಹೆ ಕೊಡುವವರು, ಗೆದ್ದರೆ ಹೊಗಳಿಸಿಕೊಳ್ಳುವವರು, ಸೋತರೆ ಕೆಲಸ ಕಳೆದುಕೊಳ್ಳುವವರು, ಎಲ್ಲವೂ ಅವರೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರು ಸೇನಾಪತಿಯೂ ಹೌದು, ಗುರುವೂ ಹೌದು. ಹೀಗಿರುವಲ್ಲಿ, ನಮ್ಮ ಬಲಾಬಲಗಳನ್ನೆಲ್ಲ ಅರಿತಿರುವ ದ್ರೋಣಾಚಾರ್ಯರು ನಾಳೆ ಎದುರು ಪಾಳೆಯದಲ್ಲಿ ಬಿಲ್ಲು ಹಿಡಿದು ನಿಲ್ಲುವರೆಂದರೆ ಯಾವ ಶಿಷ್ಯನಿಗೆ ತಾನೆ ಉಪ್ಪಿಟ್ಟು ಗಂಟಲಲ್ಲಿಳಿದೀತು?

ಅಂದು ನಾವು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಿಜವಾದ ಕಥೆಯನ್ನು ಹೇಳಿದೆವು. ಅದನ್ನೇ ಇಲ್ಲಿಯೂ ಬರೆಯುತ್ತೇವೆ.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಪೋರ್ಟ್ಸ್‌ಮತ್, ಸೌತಾಂಪ್ಟನ್ ಎಂಬ ಎರಡು ಬಂದರು ಪಟ್ಟಣಗಳಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತು ಮೈಲಿ. ಪೋರ್ಟ್ಸ್‌ಮತ್ ಯುದ್ಧನೌಕೆಗಳ ಊರು. ಸೌತಾಂಪ್ಟನ್ ವರ್ತಕರ, ಪ್ರಯಾಣಿಕರ ಹಡಗುಗಳ ಊರು. 1912ರಲ್ಲಿ ಟೈಟಾನಿಕ್ ಹೊರಟದ್ದು ಇಲ್ಲಿಂದಲೇ. ನೆರೆಹೊರೆಯ ಊರುಗಳಾದ ಮೇಲೆ ಮತ್ಸರಕ್ಕೆ ಬೇರೆ ಕಾರಣ ಬೇಕೆ? ಒಂದರ ಕ್ಲಬ್ಬನ್ನು ಇನ್ನೊಂದರವರು ಹೆಸರು ಹಿಡಿದೂ ಕರೆಯಲೊಲ್ಲರು.

2002ರ ಮಾರ್ಚಿಯಲ್ಲಿ ಹ್ಯಾರಿ ರೆಡ್‌ನ್ಯಾಪ್ ಎಂಬವರು ಪೋರ್ಟ್ಸ್‌ಮತ್ ಕ್ಲಬ್ಬಿನ ಮ್ಯಾನೇಜರಾದರು. ಆಗ ಆ ಕ್ಲಬ್ಬು ಎರಡನೆಯ ಅಂತಸ್ತಿನಲ್ಲಿತ್ತು. 2003ರಲ್ಲಿ ಅದೇ ಅಂತಸ್ತಿನ ಪ್ರಥಮ ಸ್ಥಾನವನ್ನು ಗಳಿಸಿ ಅದು ಪ್ರೀಮಿಯರ್ ಲೀಗಿಗೆ ಏರಿತು. ಊರಿಗೆ ಊರೇ ಅವರನ್ನು ತಲೆಯ ಮೇಲಿಟ್ಟುಕೊಂಡಿತು. ಆದರೆ ಕ್ಲಬ್ಬಿನ ಒಡೆಯರಾದ ಮಿಲನ್ ಮ್ಯಾಂಡರಿಚ್ ಎಂಬವರು ಆಡಳಿತಕ್ಕೆ ಮತ್ತೊಬ್ಬ ನಿರ್ದೇಶಕರನ್ನು ತಂದು ಕೂರಿಸಿದ್ದರಿಂದ ಮನಸ್ತಾಪ ಬೆಳೆದು, 2004ರ ನವೆಂಬರ್ 24ರಂದು ರೆಡ್‌ನ್ಯಾಪರು ರಾಜೀನಾಮೆ ಕೊಟ್ಟರು. ಆ ಹೊತ್ತಿಗೇ ಜನರ ಬಾಯಲ್ಲಿ ಒಂದು ಗುಸುಗುಸು: “ಸೌತಾಂಪ್ಟನ್ನಿಗೆ ಹೋಗುವರೋ ಏನೋ!” ಆ ದಾರಿ ಹಿಡಿಯುವ ಪ್ರಶ್ನೆಯೇ ಇಲ್ಲವೆಂದು ಅವರು ಹೇಳಿರುವುದಾಗಿ ಪತ್ರಿಕೆಗಳು ಬರೆದವು. ಅಭಿಮಾನಿಗಳು ನಿಟ್ಟುಸಿರು ಬಿಟ್ಟರು. ಸರಿಯಾಗಿ ಹದಿನಾಲ್ಕು ದಿನ ಕಳೆದು, ಡಿಸೆಂಬರ್ 8ರಂದು, ಅವರು ಸೌತಾಂಪ್ಟನ್ನಿನ ಮ್ಯಾನೇಜರಾದರು!

ಮುಂದೆ ಆದುದನ್ನು ಊಹಿಸಿಕೊಳ್ಳಬಹುದು. ಕ್ರಿಸ್ತನನ್ನು ಹಿಡಿದುಕೊಟ್ಟ ಶಿಷ್ಯನಾದ ಯೂದನ ಹೆಸರು ಪೋರ್ಟ್ಸ್‌ಮತ್ತಿನಲ್ಲಿ ರೆಡ್‌ನ್ಯಾಪರ ಎರಡನೆಯ ಹೆಸರಾಯಿತು. 2005ರ ಏಪ್ರಿಲ್ 24ರಂದು ಅವರು ತಮ್ಮ ಹೊಸ ದಂಡಿನೊಡನೆ ಪೋರ್ಟ್ಸ್‌ಮತ್ತಿನ ಫ್ರಾಟನ್ ಪಾರ್ಕ್ ಬಯಲಿಗೆ ಬಂದಾಗ ಹಳೆಯ ಶಿಷ್ಯರು ನಾಲ್ಕಕ್ಕೆ ಒಂದರಂತೆ ಗೆದ್ದು ಕಳುಹಿಸಿದರು. ಮರುತಿಂಗಳು, ಇಪ್ಪತ್ತೇಳು ವರ್ಷಗಳ ಕಾಲ ಮೇಲಿನ ಅಂತಸ್ತಿನಲ್ಲಿದ್ದ ಸೌತಾಂಪ್ಟನ್ನು ಕೆಳಗಿಳಿಯಿತು. ತಕ್ಕ ಶಾಸ್ತಿಯಾಯಿತೆಂದು ಪೋರ್ಟ್ಸ್‌ಮತ್ತಿನವರು ಹಿಗ್ಗಿದರು.

ಕಥೆ ಇಲ್ಲಿಗೇ ನಿಂತಿದ್ದರೆ ನೀತಿ ಹೇಳುವುದು ಬಹಳ ಸುಲಭವಾಗುತ್ತಿತ್ತು, ಆದರೆ ನಿಲ್ಲಲಿಲ್ಲ. 2005ರ ಡಿಸೆಂಬರ್ 7ರಂದು, ಒಂದು ವರ್ಷ ತುಂಬಲು ಒಂದು ದಿನ ಉಳಿದಿರುವಾಗ, ಅದೇ ರೆಡ್‌ನ್ಯಾಪರು ಅದೇ ಪೋರ್ಟ್ಸ್‌ಮತ್ತಿಗೆ ಮರಳಿ ಬಂದರು! ಕ್ಲಬ್ಬು ಆಗ ಮುಳುಗುವ ದೋಣಿಯಾಗಿತ್ತು. ಅದನ್ನು ಆ ವರ್ಷ ಹೇಗೋ ದಡ ಮುಟ್ಟಿಸಿದರು. 2008ರ ಮೇ 17ರಂದು ಕಾರ್ಡಿಫ್ ಸಿಟಿಯ ಮೇಲೆ ಒಂದು ಗೋಲಿನಿಂದ ಗೆದ್ದು ಎಫ್.ಎ. ಕಪ್ಪನ್ನು ಊರಿಗೆ ತಂದರು. ಆ ಊರು ಆ ಕಪ್ಪನ್ನು ಕಂಡು ಅರವತ್ತೊಂಬತ್ತು ವರ್ಷಗಳಾಗಿದ್ದವು. ಹಿಂದಿನ ಗೆಲುವು 1939ರಲ್ಲಿ. ಯೂದನೆಂದು ಕೂಗಿದ ಬಾಯಿಗಳೇ ಜಯಕಾರ ಮಾಡಿದವು. ನಗರಸಭೆಯವರು ಅವರಿಗೆ ನಗರದ ಗೌರವ ಪೌರತ್ವವನ್ನು ಕೊಡಲು ನಿಶ್ಚಯಿಸಿ ಅದೇ ಅಕ್ಟೋಬರ್ 28ಕ್ಕೆ ದಿನವಿಟ್ಟರು. ಆ ದಿನಕ್ಕೆ ಎರಡು ಮೂರು ದಿವಸ ಮುಂಚೆ ಅವರು ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬಿಗೆ ಹೊರಟುಹೋದರು! ಆದರೂ ಸಮಾರಂಭ ನಡೆಯಿತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಧಿಕ್ಕಾರ ಕೂಗಿದರು. ಬಹುಶಃ ಎರಡನ್ನೂ ಮಾಡಿದ ಕೈಬಾಯಿಗಳೂ ಇದ್ದಿರಬಹುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಭಿಮಾನಿಗಳಿಗೆ ಅಷ್ಟು ನೋವಾದದ್ದು ಗುರುಗಳು ಹೋದರೆಂಬುದಕ್ಕೆ ಮಾತ್ರವೇ? ಟಾಟೆನ್‌ಹ್ಯಾಮಿಗೆ ಹೋದಾಗಲೂ ಸಿಟ್ಟು ಬಂದಿತು. ಆದರೆ ಮೊದಲ ಸಲದ ಉರಿಯೇ ಬೇರೆ. ಮೊದಲನೆಯದರಲ್ಲಿ ವೈರಿಯ ಮನೆಯೆಂಬ ನೋವಿನ ಜೊತೆಗೆ, ಹೋಗುವುದಿಲ್ಲವೆಂಬ ಮಾತನ್ನು ನಂಬಿ ಮೋಸಹೋದ ನಾಚಿಕೆಯೂ ಸೇರಿತ್ತು. ಅಗಲಿಕೆಯ ಗಾಯ ಬೇಗ ಮಾಯುತ್ತದೆ. ನಂಬಿ ಮೂರ್ಖನಾದೆನೆಂಬ ಗಾಯ ಬೇಗ ಮಾಯುವುದಿಲ್ಲ.

ಹಾಗೆಂದು ಕಿವಿಗೆ ಬಿದ್ದುದನ್ನೆಲ್ಲ ನಂಬಿಬಿಡಬೇಕೆಂದಲ್ಲ. ಈ ವದಂತಿಗಳ ಹುಟ್ಟನ್ನು ಸ್ವಲ್ಪ ವಿಚಾರಮಾಡಿದರೆ ಅರ್ಧ ಭಯ ತಾನಾಗಿ ಇಳಿಯುತ್ತದೆ. ಮ್ಯಾನೇಜರಿಗೂ ಕ್ಲಬ್ಬಿಗೂ ಇಷ್ಟು ವರ್ಷವೆಂದು ಕರಾರುಪತ್ರವಿರುತ್ತದೆ. ನಡುವೆ ಇನ್ನೊಂದು ಕ್ಲಬ್ಬಿಗೆ ಬೇಕಾದರೆ ಅವರು ಮೊದಲಿನವರ ಅನುಮತಿ ಕೇಳಬೇಕು, ಪರಿಹಾರದ ಹಣ ತೆರಬೇಕು. ಕರಾರಿನ ಅವಧಿ ಮುಗಿಯುತ್ತ ಬಂದಾಗ ಮ್ಯಾನೇಜರ ಪರವಾಗಿ ಮಾತಾಡುವ ಮಧ್ಯಸ್ಥರು, “ಆ ಕಡೆಯವರು ಕರೆಯುತ್ತಿದ್ದಾರೆ” ಎಂಬ ಸುದ್ದಿಯನ್ನು ಮೆಲ್ಲನೆ ತೇಲಿಬಿಡುವುದುಂಟು. ಸಂಬಳ ಏರಿಸಿಕೊಳ್ಳಲು ವೈರಿಯ ಹೆಸರಿಗಿಂತ ಬಲವಾದ ಅಸ್ತ್ರವಿಲ್ಲವಷ್ಟೆ! ಪತ್ರಿಕೆಯವರಿಗೆ ಆಟವಿಲ್ಲದ ದಿನಗಳಲ್ಲಿಯೂ ಪುಟ ತುಂಬಬೇಕು. ಒಬ್ಬನು “ಹೋದಾರು” ಎನ್ನುತ್ತಾನೆ. ಎರಡನೆಯವನ ಬಾಯಲ್ಲಿ ಅದು “ಹೋಗುವರಂತೆ” ಆಗುತ್ತದೆ. ಮೂರನೆಯವನು “ಹೋದರು” ಎಂದು ಸಹಿ ಹಾಕಿ ಮುಗಿಸುತ್ತಾನೆ. ನಮ್ಮ ಊರ ಜಗಲಿಗಳಲ್ಲಿ ಮದುವೆಯ ಸಂಬಂಧಗಳು ಕರ್ಣಾಕರ್ಣಿಯಾಗಿ ಕುದುರುವುದೂ ಮುರಿಯುವುದೂ ಹೀಗೆಯೇ ಅಲ್ಲವೆ?

ಇದೆಲ್ಲ ದೂರದ ದೇಶದ ಮಾತಾಯಿತು. ನಮ್ಮ ದೇಶದಲ್ಲಿ ಇಂತಹುದು ನಡೆದಿದೆಯೇ ಎಂದು ಹುಡುಗನು ಕೇಳಿದನು. ಧಾರಾಳವಾಗಿ ನಡೆದಿದೆ. ಕಲ್ಕತ್ತೆಯಲ್ಲಿ, ಈಗಿನ ಕೋಲ್ಕತ್ತೆಯಲ್ಲಿ, ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎಂಬ ಎರಡು ಕ್ಲಬ್ಬುಗಳಿವೆ. ಮೊದಲನೆಯದು 1889ರಲ್ಲಿ, ಎರಡನೆಯದು 1920ರಲ್ಲಿ ಹುಟ್ಟಿದುವು. ಪೂರ್ವ ಬಂಗಾಳದಿಂದ, ಅದರಲ್ಲಿಯೂ ದೇಶವಿಭಾಗದ ತರುವಾಯ ಮನೆಮಠ ಬಿಟ್ಟು, ಬಂದವರಿಗೆ ಈಸ್ಟ್ ಬೆಂಗಾಲ್ ಕೇವಲ ಆಟದ ಕ್ಲಬ್ಬಾಗಿರದೆ ಕಳೆದುಕೊಂಡ ಊರಿನ ಹೆಸರೇ ಆಗಿತ್ತು. ಅವರು ಗೆದ್ದರೆ ಮನೆಯಲ್ಲಿ ಇಲಿಶ್ ಮೀನು, ಇವರು ಗೆದ್ದರೆ ಸೀಗಡಿ ಎಂಬುದು ಅಲ್ಲಿಯ ಸಂಪ್ರದಾಯ. ನಮ್ಮ ಬೆಂಗಳೂರಿನ ಅಹಮದ್ ಖಾನರು ಅದೇ ಈಸ್ಟ್ ಬೆಂಗಾಲಿನಲ್ಲಿ ಆಡಿ, ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಇವರೊಡನೆ ‘ಪಂಚಪಾಂಡವ’ರೆಂದು ಹೆಸರಾದುದನ್ನು ಹಿರಿಯರು ಬಲ್ಲರು. 1949ರಿಂದ 1951ರವರೆಗೆ ಆ ಕ್ಲಬ್ಬು ಐ.ಎಫ್.ಎ. ಷೀಲ್ಡನ್ನು ಸತತವಾಗಿ ಮೂರು ವರ್ಷ ಗೆದ್ದಿತು.

ಆ ಕ್ಲಬ್ಬಿಗೆ 1972ರಲ್ಲಿ ಪ್ರದೀಪ್ ಕುಮಾರ್ ಬ್ಯಾನರ್ಜಿಯವರು ಗುರುಗಳಾಗಿ ಬಂದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದು ಚಿನ್ನ ತಂದವರು. ಆಡುತ್ತಿದ್ದಾಗ ಈಸ್ಟರ್ನ್ ರೈಲ್ವೆ ತಂಡದಲ್ಲಿದ್ದರೇ ಹೊರತು ಈ ಎರಡು ದೊಡ್ಡ ಕ್ಲಬ್ಬುಗಳ ಬಣ್ಣವನ್ನು ತೊಟ್ಟವರಲ್ಲ. ಆಟಕ್ಕೆ ಮುಂಚೆ ಹುಡುಗರನ್ನು ಸುತ್ತ ಕೂರಿಸಿಕೊಂಡು ಅವರು ಆಡುತ್ತಿದ್ದ ಮಾತುಗಳಿಗೆ ‘ವೋಕಲ್ ಟಾನಿಕ್’ ಎಂದು ಹೆಸರಾಗಿತ್ತು. ಬಾಯಿಂದ ಕೊಡುವ ಬಲವರ್ಧಕ ಕಷಾಯವೆಂದಿಟ್ಟುಕೊಳ್ಳಿ. 1975ರ ಸೆಪ್ಟೆಂಬರ್ 30ರಂದು ಷೀಲ್ಡಿನ ಅಂತಿಮ ಪಂದ್ಯದಲ್ಲಿ ಅವರ ಶಿಷ್ಯರು ಮೋಹನ್ ಬಗಾನನ್ನು ಐದು ಸೊನ್ನೆಗಳಿಂದ ಸೋಲಿಸಿದರು. ಮೋಹನ್ ಬಗಾನಿನವರಿಗೆ ಅದು ಇಂದಿಗೂ ಮಾಯದ ಗಾಯ. ಆ ಗಾಯ ಮಾಡಿದ ಗುರುಗಳೇ ಮರುವರ್ಷ, 1976ರಲ್ಲಿ, ಮೋಹನ್ ಬಗಾನನ್ನು ಸೇರಿದರು! 1977ರಲ್ಲಿ ಷೀಲ್ಡು, ಡ್ಯುರಾಂಡ್, ರೋವರ್ಸ್ ಎಂಬ ಮೂರು ಪಾರಿತೋಷಕಗಳನ್ನೂ ಆ ಕ್ಲಬ್ಬಿಗೆ ದೊರಕಿಸಿದರು. ಅದೇ ಸೆಪ್ಟೆಂಬರಿನಲ್ಲಿ ಜಗತ್ಪ್ರಸಿದ್ಧ ಪೆಲೆಯವರು ಕಾಸ್ಮಾಸ್ ತಂಡದೊಡನೆ ಕಲ್ಕತ್ತೆಗೆ ಬಂದಾಗ, ಮೋಹನ್ ಬಗಾನು ಎರಡಕ್ಕೆ ಎರಡು ಸಮಮಾಡಿಕೊಂಡಿತು.

ತರುವಾಯ ಅವರು ಮತ್ತೆ ಈಸ್ಟ್ ಬೆಂಗಾಲಿಗೂ ಬಂದರು. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಉಪಾಂತ್ಯದಲ್ಲಿ ಅವರು ಈಸ್ಟ್ ಬೆಂಗಾಲಿನ ಗುರು. ಎದುರಿಗೆ ಮೋಹನ್ ಬಗಾನಿನ ಗುರು ಅಮಲ್ ದತ್ತರು. ಇವರಾದರೂ ಬೇರೆ ಬೇರೆ ಕಾಲದಲ್ಲಿ ಎರಡು ಕ್ಲಬ್ಬುಗಳಿಗೂ ಪಾಠ ಹೇಳಿದವರೇ! ಸಾಲ್ಟ್ ಲೇಕಿನ ಕ್ರೀಡಾಂಗಣದಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರಕ್ಕೂ ಮಿಕ್ಕು ಜನ ನೆರೆದಿದ್ದರು. ಬೈಚುಂಗ್ ಭೂತಿಯಾ ಎಂಬ ತರುಣನು ಮೂರು ಗೋಲು ಹೊಡೆದನು. ಈಸ್ಟ್ ಬೆಂಗಾಲು ನಾಲ್ಕಕ್ಕೆ ಒಂದರಂತೆ ಗೆದ್ದಿತು. 2020ರ ಮಾರ್ಚ್ 20ರಂದು ಬ್ಯಾನರ್ಜಿಯವರು ತೀರಿಕೊಂಡಾಗ ಎರಡು ಕ್ಲಬ್ಬುಗಳವರೂ ದುಃಖಿಸಿದರು. ಮೊದಲಿಗೆ ಮುನಿದವರಿಲ್ಲವೆಂದು ನಾವು ಹೇಳೆವು. ಆದರೆ ವಿದ್ಯೆಯೆಂಬುದು ಒಂದೇ ಮನೆಯ ಬೀಗದೊಳಗಿನ ಒಡವೆಯಲ್ಲ, ಬಾವಿಯ ನೀರಿನಂತೆ ಅದು ಸೇದಿದವರ ಬಿಂದಿಗೆಗೆಲ್ಲ ಬರುತ್ತದೆಂಬುದನ್ನು ಕಾಲವು ಅವರಿಗೆ ಕಲಿಸಿತು.

ಅಭಿಮಾನವು ಮಿತಿಮೀರಿದರೆ ಏನಾಗುತ್ತದೆಂಬುದಕ್ಕೂ ಅದೇ ಊರು ಸಾಕ್ಷಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ಎರಡು ಕ್ಲಬ್ಬುಗಳ ಆಟ ನಡೆದಾಗ ನೋಡುವವರಲ್ಲಿಯೇ ಹೊಡೆದಾಟವಾಗಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಆಟ ನೋಡಿ ರಾತ್ರಿ ಊಟಕ್ಕೆ ಬರುತ್ತೇನೆಂದು ಹೊರಟವರು ಅವರು. ಇದನ್ನು ಹೇಳಿದಾಗ ನಮ್ಮ ಮೊಮ್ಮಗನು ಬಹಳ ಹೊತ್ತು ಸುಮ್ಮನಿದ್ದನು.

ನಮಗೆ ಸಂಸ್ಕೃತ ಪಾಠ ಹೇಳಿ ರೂಢಿಯಾದುದರಿಂದ ಇಂತಹ ಪ್ರಸಂಗದಲ್ಲಿ ಮಹಾಭಾರತವು ನೆನಪಿಗೆ ಬಾರದೆ ಇರದು. ಪಾಂಡವರ ಸೋದರಮಾವನಾದ ಶಲ್ಯನು ಅವರ ನೆರವಿಗೆಂದೇ ಹೊರಟವನು. ದಾರಿಯಲ್ಲಿ ದುರ್ಯೋಧನನು ಗುಟ್ಟಾಗಿ ಮಾಡಿಸಿದ ಸತ್ಕಾರಕ್ಕೆ ಮರುಳಾಗಿ ಅವನಿಗೆ ಮಾತು ಕೊಟ್ಟನು. ಅನಂತರ ಧರ್ಮರಾಯನಲ್ಲಿಗೆ ಹೋಗಿ, ಕರ್ಣನ ಉತ್ಸಾಹವನ್ನು ಕುಗ್ಗಿಸುವೆನೆಂದು ಅವನಿಗೂ ಮಾತು ಕೊಟ್ಟನು. ದೇಹ ಒಂದು ಕಡೆ, ಮನಸ್ಸು ಒಂದು ಕಡೆ. ಅದೇ ಭಾರತದಲ್ಲಿ ಯುಯುತ್ಸು ಎಂಬ ಧೃತರಾಷ್ಟ್ರಪುತ್ರನೂ ಇದ್ದಾನೆ. ಯುದ್ಧಕ್ಕೆ ಮುಂಚೆ ಧರ್ಮರಾಯನು, ನಮ್ಮ ಕಡೆಗೆ ಬರುವವರುಂಟೆ ಎಂದು ಕೂಗಿ ಕೇಳಿದಾಗ, ಅವನು ಎರಡು ಸೈನ್ಯಗಳೂ ನೋಡುತ್ತಿರುವಂತೆ ಭೇರಿಯ ಶಬ್ದದೊಡನೆ ಪಕ್ಷವನ್ನು ಬದಲಿಸಿದನು. ಪಕ್ಷ ಬದಲಿಸಿದವನಾದರೂ ಅವನನ್ನು ಯಾರೂ ವಂಚಕನೆನ್ನಲಿಲ್ಲ. ಕಡೆಗೆ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಬಾಲಕನಾದ ಪರೀಕ್ಷಿತನ ರಾಜ್ಯವನ್ನು ನೋಡಿಕೊಳ್ಳಲು ನಂಬಿ ಬಿಟ್ಟದ್ದು ಅವನನ್ನೇ.

ಇಷ್ಟನ್ನು ಹೇಳಿ ಮುಗಿಸಿ, ಪಾಠ ಚೆನ್ನಾಗಿ ಆಯಿತೆಂದು ನಾವು ಒಳಗೊಳಗೇ ಹಿಗ್ಗುತ್ತಿರುವಾಗ ಹುಡುಗನು ಕೇಳಿದನು: “ತಾತ, ನೀವು ಯಾವತ್ತಾದ್ರೂ ಎದುರು ಸ್ಕೂಲಿಗೆ ಹೋಗಿದ್ರಾ?”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆ ನಮ್ಮ ಮುಖವನ್ನು ನೋಡಿ ಒಳಗೆ ಹೋದರು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾವಿದ್ದ ಊರಿನಲ್ಲಿ ಎರಡು ಪ್ರೌಢಶಾಲೆಗಳು. ನಡುವೆ ಒಂದು ಕೆರೆಯ ಏರಿ. ಪ್ರತಿವರ್ಷ ಗಣೇಶೋತ್ಸವದಲ್ಲಿ ನಡೆಯುವ ಚರ್ಚಾಸ್ಪರ್ಧೆಯ ಫಲಕಕ್ಕಾಗಿ ಈ ಎರಡಕ್ಕೂ ಜಿದ್ದು. ನಮ್ಮ ಹುಡುಗರನ್ನು ಸಂಜೆ ಕೂರಿಸಿಕೊಂಡು ಮಾತು ಕಲಿಸುತ್ತಿದ್ದವರು ನಾವು. ಮೂರು ವರ್ಷ ಫಲಕವು ನಮ್ಮಲ್ಲಿಯೇ ಉಳಿದಿತ್ತು. ಆಗ ಏರಿಯಾಚೆಯ ಶಾಲೆಯವರು ಹೆಚ್ಚಿನ ಸಂಬಳಕ್ಕೆ ನಮ್ಮನ್ನು ಕರೆದರು. ಮನೆಯಲ್ಲಿ ಸಾಲವಿತ್ತು. ಒಪ್ಪಿಕೊಂಡೆವು. ಒಪ್ಪಿದ್ದರಲ್ಲಿ ತಪ್ಪಿಲ್ಲವೆಂದು ಇಂದಿಗೂ ನಮ್ಮ ಮತ. ಆದರೆ ಸುದ್ದಿ ಹೇಗೋ ಹೊರಬಿದ್ದು, ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ನಮ್ಮ ಶಿಷ್ಯರಲ್ಲೆಲ್ಲ ಚುರುಕಾದವನು, ಪಡಸಾಲೆಯಲ್ಲಿ ನಮ್ಮನ್ನು ತಡೆದು, “ಸಾರ್, ನೀವು ಆ ಸ್ಕೂಲಿಗೆ ಹೋಗ್ತೀರಂತೆ, ನಿಜವಾ?” ಎಂದು ಕೇಳಿದನು. ನೇಮಕದ ಪತ್ರವು ನಮ್ಮ ಅಂಗಿಯ ಜೇಬಿನಲ್ಲಿಯೇ ಇತ್ತು. “ಯಾರೋ ಹೇಳಿದ್ದನ್ನೆಲ್ಲ ನಂಬಬೇಡವೋ” ಎಂದುಬಿಟ್ಟೆವು.

ಅವನು ನಂಬಿದನು. ನಂಬಿದ್ದಷ್ಟೇ ಅಲ್ಲ, ಮೇಷ್ಟ್ರೇ ಹೇಳಿದ್ದಾರೆಂದು ಇಡೀ ಶಾಲೆಯೊಡನೆ ವಾದಿಸಿ ಜಗಳವಾಡಿದನಂತೆ. ಹದಿನೈದು ದಿನಕ್ಕೆ ನಾವು ಏರಿ ದಾಟಿದೆವು. ಅವನನ್ನು ಉಳಿದ ಹುಡುಗರು ಎಷ್ಟು ಹಾಸ್ಯಮಾಡಿದರೋ! ಮರುವರ್ಷದ ಸ್ಪರ್ಧೆಯಲ್ಲಿ ಅವನು ವೇದಿಕೆಯ ಆ ಬದಿಯಲ್ಲಿ, ನಾವು ಈ ಬದಿಯಲ್ಲಿ. ಫಲಕವು ನಮ್ಮ ಹೊಸ ಶಾಲೆಗೆ ಬಂದಿತು. ಇಳಿದುಹೋಗುವಾಗ ಅವನು ನಮ್ಮ ಮುಂದೆಯೇ ಹಾದು ಹೋದನು, ತಲೆಯೆತ್ತಿ ನೋಡಲಿಲ್ಲ.

ಕೆಲವು ವರ್ಷಗಳ ಕೆಳಗೆ ಒಂದು ಮದುವೆಯ ಮನೆಯಲ್ಲಿ ಅವನನ್ನು ಕಂಡೆವು. ಈಗ ಬ್ಯಾಂಕಿನಲ್ಲಿ ಅಧಿಕಾರಿ. ತಾನಾಗಿ ಬಂದು ಕಾಲಿಗೆರಗಿದನು. ಕುಶಲಪ್ರಶ್ನೆಯಾದ ಮೇಲೆ ಮೆಲ್ಲನೆ ಹೇಳಿದನು: “ನೀವು ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಸಾರ್. ಸಂಸಾರಸ್ಥರು, ಹೋಗಲೇಬೇಕಿತ್ತು. ಆದರೆ ನನಗೆ ಒಬ್ಬನಿಗಾದ್ರೂ ನಿಜ ಹೇಳಬಹುದಿತ್ತು.” ನಮ್ಮಲ್ಲಿ ಉತ್ತರವಿರಲಿಲ್ಲ. ಅವನ ಕೈಯನ್ನು ಹಿಡಿದುಕೊಂಡು, ತಪ್ಪಾಯಿತಪ್ಪ ಎಂದೆವು. ಜೀವಮಾನದಲ್ಲಿ ಶಿಷ್ಯನೊಬ್ಬನಿಗೆ ನಾವು ಆ ಮಾತನ್ನು ಹೇಳಿದುದು ಅದೊಂದೇ ಸಲ. ಇಪ್ಪತ್ತು ವರ್ಷ ಮೊದಲೇ ಹೇಳಬೇಕಾಗಿತ್ತು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆವು. ಮಕ್ಕಳ ಮುಂದೆ ಹಿರಿಯರು ತಮ್ಮ ತಪ್ಪನ್ನು ಹೇಳಿಕೊಂಡರೆ ಗೌರವ ಕುಂದುವುದೆಂದು ಭಾವಿಸುವವರುಂಟು. ನಮಗೆ ಹಾಗೆ ತೋರಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ನಿಮ್ಮ ಮನೆಯ ಹುಡುಗರು ಇಂತಹ ವದಂತಿಗೆ ಮುಖ ಬಾಡಿಸಿಕೊಂಡು ಕುಳಿತರೆ, ಅದೆಲ್ಲ ಕೆಲಸಕ್ಕೆ ಬಾರದ ಆಟವೆಂದು ಗದರಬೇಡಿರಿ. ಅವರು ದುಃಖಿಸುತ್ತಿರುವುದು ಚೆಂಡಿಗಾಗಿಯಲ್ಲ, ನಂಬಿಕೆಗಾಗಿ. ಗುರುವನ್ನು ಕಟ್ಟಿಹಾಕುವ ಹಕ್ಕು ಶಿಷ್ಯರಿಗಿಲ್ಲ; ಆದರೆ ನಿಜವನ್ನು ಕೇಳುವ ಹಕ್ಕು ಇದೆ. ಹೋಗುವವರು ಹೇಳಿ ಹೋಗಲಿ. ಹೇಳಲಾಗದಿದ್ದರೆ ಸುಮ್ಮನಿರಲಿ, ಸುಳ್ಳನ್ನಂತೂ ಹೇಳದಿರಲಿ. ಉಳಿದವರು ಕೃತಜ್ಞತೆಯಿಂದ ಬೀಳ್ಕೊಡಲಿ. ರೆಡ್‌ನ್ಯಾಪರು ಹೋದರು, ಬಂದರು, ಮತ್ತೆ ಹೋದರು. 2010ರಲ್ಲಿ ಆ ಕ್ಲಬ್ಬು ಸಾಲದಲ್ಲಿ ಮುಳುಗಿ, ಮೇಲಿನ ಅಂತಸ್ತಿನಿಂದ ನಾಲ್ಕನೆಯದರವರೆಗೆ ಜಾರಿದಾಗ, 2013ರಲ್ಲಿ ಅದನ್ನು ಕೊಂಡು ಬದುಕಿಸಿದವರು ಅದೇ ಅಭಿಮಾನಿಗಳು. ಗುರುಗಳು ಬದಲಾಗುತ್ತಾರೆ, ಆಟಗಾರರು ಬದಲಾಗುತ್ತಾರೆ. ಕಟ್ಟೆಯ ಮೇಲೆ ಕುಳಿತು ಕೂಗುವವನು ಮಾತ್ರ ತನ್ನ ಜಾಗವನ್ನು ಬಿಡುವುದಿಲ್ಲ.

ಮೊಮ್ಮಗನ ಕ್ಲಬ್ಬಿನ ಮ್ಯಾನೇಜರು ಹೋಗುವರೋ ಇಲ್ಲವೋ ನಾವರಿಯೆವು. ಕಥೆ ಮುಗಿದ ಮೇಲೆ ಅವನು ಸ್ವಲ್ಪ ಯೋಚಿಸಿ, “ಹೋದ್ರೆ ಹೋಗ್ಲಿ ತಾತ, ಹೇಳಿ ಹೋಗ್ಲಿ” ಎಂದನು. ಅಷ್ಟು ಹೊತ್ತಿಗೆ ಅವನ ಅಜ್ಜಿ ಉಪ್ಪಿಟ್ಟನ್ನು ಬಿಸಿಮಾಡಿ, ಮೇಲೆ ಒಂದು ಚಮಚ ತುಪ್ಪ ಹಾಕಿ ತಂದಿಟ್ಟರು. ಈ ಸಲ ತಟ್ಟೆ ಖಾಲಿಯಾಯಿತು.